ಲೇನಾ ನದಿಗೆ ಮೇ ತಿಂಗಳಲ್ಲೇ ಪ್ರವಾಹ ಯಾಕೆ?

ಓದುಗರ ಪ್ರಶ್ನೆ: "ಹೊನ್ನಾಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಸಲದ ವಸ್ತು ಪ್ರದರ್ಶನಕ್ಕೆ ಒಂಬತ್ತನೇ ತರಗತಿ ಮಕ್ಕಳು ಸೈಬೀರಿಯಾದ ಲೇನಾ ನದಿಯ ಮಾದರಿ ಮಾಡಲು ಹೊರಟಿದ್ದಾರೆ. ಅಟ್ಲಾಸ್ ನೋಡಿ ಅವರೇ ಆರಿಸಿಕೊಂಡದ್ದು. ಈಗ ನನಗೇ ಗೊಂದಲ ಆಗಿದೆ. ನದಿ ಉತ್ತರಕ್ಕೆ, ಅಂದರೆ ಮೇಲಕ್ಕೆ ಹೇಗೆ ಹರಿಯುತ್ತದೆ ಅಂತ ಒಬ್ಬ ಹುಡುಗ ಕೇಳಿದ. ಚಳಿಗಾಲದಲ್ಲಿ ಅದು ತಳದವರೆಗೂ ಹೆಪ್ಪುಗಟ್ಟುತ್ತದೆ ಅಂತ ಮಕ್ಕಳು ವಿಡಿಯೊದಲ್ಲಿ ನೋಡಿದ್ದಾರೆ. ಬೈಕಲ್ ಸರೋವರದ ನೀರೇ ಲೇನಾ ಆಗುತ್ತದೆ ಅಂತ ಒಬ್ಬಳು ಬರೆದುಕೊಂಡು ಬಂದಿದ್ದಾಳೆ. ಪ್ರವಾಹಕ್ಕೆ ಹಿಮನದಿಗಳು ಕರಗುವುದೇ ಕಾರಣ ಅಂತ ನಾನು ಹೇಳಿಕೊಟ್ಟಿದ್ದೆ. ಹಾಗಿದ್ದರೆ ಸೆಕೆ ಏರಿದ ಜುಲೈನಲ್ಲಿ ಬರಬೇಕಿತ್ತಲ್ಲ, ಮೇ ತಿಂಗಳಲ್ಲಿ ಯಾಕೆ ಅಂತ ನಮ್ಮ ವಿಜ್ಞಾನದ ಮೇಷ್ಟ್ರು ಕೇಳಿದರು. ಉತ್ತರ ಹೊಳೆಯಲಿಲ್ಲ. ಐಸ್‌ಗೆ ಬಾಂಬ್ ಹಾಕಿ ಒಡೆಯಬಹುದಲ್ವಾ, ಡ್ಯಾಮ್ ಕಟ್ಟಬಹುದಲ್ವಾ ಅಂತ ಮಕ್ಕಳು ಕೇಳುತ್ತಾರೆ. ಭೂಮಿ ಬಿಸಿಯಾಗುತ್ತಿರುವುದರಿಂದ ಈ ನದಿ ಏನಾಗುತ್ತದೆ ಅಂತ ತೀರ್ಪುಗಾರರು ಕೇಳಿದರೆ ಏನು ಹೇಳುವುದು? ಉದ್ದ ಒಂದು ಕಡೆ 4,294 ಕಿ.ಮೀ. ಅಂತ ಇದೆ, ಇನ್ನೊಂದು ಕಡೆ 4,400 ಅಂತ ಇದೆ. ನಮ್ಮೂರಿನ ಬಿಸಿಲಲ್ಲಿ ಐಸ್ ಇಟ್ಟು ಮಾದರಿ ಮಾಡುವುದು ಹೇಗೆ ಅನ್ನುವುದೂ ಚಿಂತೆ. ಮಕ್ಕಳಿಗೆ ತಪ್ಪು ಹೇಳಿಕೊಡಬಾರದು ಅನ್ನುವುದಷ್ಟೇ ನನ್ನ ಕಾಳಜಿ."

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆ ಇದ್ದರೂ ಗಟ್ಟಿ ಪ್ರಶ್ನೆ ನಿಮ್ಮ ವಿಜ್ಞಾನದ ಮೇಷ್ಟ್ರದ್ದು. ಮೇ ತಿಂಗಳಲ್ಲೇ ಯಾಕೆ? ಅದನ್ನು ಬಿಡಿಸಿದರೆ ಉಳಿದವು ತಾವಾಗಿ ಬಿಚ್ಚಿಕೊಳ್ಳುತ್ತವೆ. ನಾನು ಚಳಿದೇಶದ ನದಿಗಳ ಹರಿವಿನ ಲೆಕ್ಕ ಮಾಡುವ ಕೆಲಸದವನು. ಲೇನಾ ಬಗ್ಗೆ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಎರಡು ಮಾತು. ಈ ನದಿ ಹುಟ್ಟುವ ಕಡೆ ಮೊದಲು ಕರಗುತ್ತದೆ, ಸಮುದ್ರ ಸೇರುವ ಕಡೆ ಕೊನೆಗೆ ಕರಗುತ್ತದೆ. ಮತ್ತೆ, ಅದು ಹರಿಯುವ ನೆಲ ನೀರು ಕುಡಿಯುವುದಿಲ್ಲ.

ಮೊದಲು ಆ ಹುಡುಗನ ಪ್ರಶ್ನೆ. ನಕ್ಷೆಯಲ್ಲಿ ಉತ್ತರ ಮೇಲಿದೆ ಅಂದರೆ ನೆಲದಲ್ಲೂ ಉತ್ತರ ಎತ್ತರ ಅಂತಲ್ಲ. ನದಿಗೆ ದಿಕ್ಕು ಗೊತ್ತಿಲ್ಲ, ಇಳಿಜಾರು ಮಾತ್ರ ಗೊತ್ತು. ಇದಕ್ಕೆ ಸಾಕ್ಷಿ ನಿಮ್ಮ ಊರಲ್ಲೇ ಇದೆ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿದ ಮೇಲೆ ಹೊನ್ನಾಳಿ ದಾಟಿ ಹರಿಹರದವರೆಗೆ ತುಂಗಭದ್ರೆ ಹೆಚ್ಚುಕಡಿಮೆ ಉತ್ತರಕ್ಕೇ ಹರಿಯುತ್ತಾಳೆ. ದಿನಾ ನೋಡುವ ಹೊಳೆ ಉತ್ತರಕ್ಕೆ ಹರಿಯುವುದನ್ನು ಮಕ್ಕಳು ಗಮನಿಸಿರುವುದಿಲ್ಲ. ಒಂದು ದಿಕ್ಸೂಚಿ ಹಿಡಿದು ಹೊಳೆ ದಂಡೆಗೆ ಕರೆದುಕೊಂಡು ಹೋಗಿ, ಅಲ್ಲೇ ಉತ್ತರ ಸಿಗುತ್ತದೆ.

ಲೇನಾ ಹುಟ್ಟುವುದು ಬೈಕಲ್ ಸರೋವರದ ಪಶ್ಚಿಮ ದಂಡೆಯ ಬೆಟ್ಟಸಾಲಿನಲ್ಲಿ, ಸಮುದ್ರ ಮಟ್ಟದಿಂದ ಸುಮಾರು ಒಂದೂವರೆ ಸಾವಿರ ಮೀಟರ್ ಎತ್ತರದಲ್ಲಿ. ಅಲ್ಲಿಂದ ಬೈಕಲ್‌ಗೆ ಹತ್ತು ಕಿಲೋಮೀಟರ್ ಆಸುಪಾಸು, ಅಷ್ಟೇ. ಆದರೆ ನಡುವೆ ಬೆಟ್ಟದ ಏಣು ಇದೆ. ಏಣಿನ ಆ ಕಡೆ ಬಿದ್ದ ಮಳೆ ಬೈಕಲ್ ಸೇರುತ್ತದೆ. ಅದು ಅಂಗಾರಾ ನದಿಯಾಗಿ ಹೊರಬಿದ್ದು ಯೆನಿಸೇ ನದಿಗೆ ಹೋಗುತ್ತದೆ. ಈ ಕಡೆ ಬಿದ್ದದ್ದು ಲೇನಾ ಆಗುತ್ತದೆ. ಎರಡೂ ಕೊನೆಗೆ ಆರ್ಕ್‌ಟಿಕ್ ಸಾಗರ ಮುಟ್ಟುತ್ತವೆ, ಆದರೆ ಬೇರೆ ಬೇರೆ ಸಮುದ್ರಗಳ ಮೂಲಕ. ಹಾಗಾಗಿ ಬೈಕಲ್ ನೀರೇ ಲೇನಾ ಅನ್ನುವ ಸಾಲನ್ನು ಆ ಹುಡುಗಿ ಹೊಡೆದುಹಾಕಲಿ. ಅದರ ಬದಲು ಆ ಏಣನ್ನೇ ಮಾದರಿಯಲ್ಲಿ ಮಣ್ಣಿನಿಂದ ಎತ್ತರವಾಗಿ ಮಾಡಿ ತೋರಿಸಲಿ. ನೋಡಲೂ ಚೆನ್ನಾಗಿರುತ್ತದೆ.

ಇನ್ನೊಂದು ಮುಖ್ಯ ವಿಷಯ. ಲೇನಾ ಗೆರೆ ಎಳೆದ ಹಾಗೆ ನೇರ ಉತ್ತರಕ್ಕೆ ಹೋಗುವುದಿಲ್ಲ. ಮಾದರಿಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಇದೇ. ಹುಟ್ಟಿದ ಮೇಲೆ ಉಸ್ತ್-ಕುತ್ ಊರು ದಾಟಿ ಅದು ಈಶಾನ್ಯಕ್ಕೆ ತಿರುಗುತ್ತದೆ. ಬಲಗಡೆಯಿಂದ ಕಿರೆಂಗಾ, ವಿತಿಮ್, ಒಲ್ಯೋಕ್ಮಾ ನದಿಗಳು ಬಂದು ಸೇರುತ್ತವೆ. ಲೆನ್ಸ್ಕ್, ಒಲ್ಯೋಕ್ಮಿನ್ಸ್ಕ್ ಊರುಗಳ ಬದಿಯಲ್ಲಿ ಬಹಳ ದೂರ ಪೂರ್ವದ ಕಡೆಗೇ ಹರಿಯುತ್ತದೆ. ಯಾಕುತ್ಸ್ಕ್ ನಗರಕ್ಕೆ ಮುಂಚೆ ಸುಣ್ಣಕಲ್ಲಿನ ಕಂಬಗಳು ದಂಡೆಯುದ್ದಕ್ಕೂ ಎದ್ದು ನಿಂತಿವೆ. ನೂರು ಮೀಟರ್ ಎತ್ತರದ ಈ ಕಲ್ಲುಗಳಿಗೆ ಲೇನಾ ಕಂಬಗಳು ಅಂತಲೇ ಹೆಸರು. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಯಾಕುತ್ಸ್ಕ್ ದಾಟಿದ ಮೇಲೆ ಬಲಗಡೆಯಿಂದ ಅಲ್ದಾನ್, ಎಡಗಡೆಯಿಂದ ವಿಲ್ಯುಯ್ ಸೇರುತ್ತವೆ. ಆಮೇಲೆ ನದಿ ಉತ್ತರಕ್ಕೆ ಮುಖ ಮಾಡುತ್ತದೆ. ಅಲ್ಲಿ ಅದರ ಅಗಲ ಹಲವು ಕಿಲೋಮೀಟರ್. ನಡುವೆ ಲೆಕ್ಕವಿಲ್ಲದಷ್ಟು ದ್ವೀಪಗಳು, ಕವಲುಗಳು. ಸಮುದ್ರಕ್ಕೆ ಇನ್ನೇನು ಹತ್ತಿರ ಬಂತು ಅನ್ನುವಾಗ ಮತ್ತೆ ಬೆಟ್ಟಗಳು ಎರಡೂ ಕಡೆಯಿಂದ ಒತ್ತುತ್ತವೆ. ಅಷ್ಟು ಅಗಲದ ನದಿ ಎರಡು-ಮೂರು ಕಿಲೋಮೀಟರಿಗೆ ಕಿರಿದಾಗುತ್ತದೆ. ಆ ಇಕ್ಕಟ್ಟಿಗೆ ಅಲ್ಲಿನವರು 'ಲೇನಾ ಕೊಳವೆ' ಅನ್ನುತ್ತಾರೆ. ಅದು ಮುಗಿದದ್ದೇ ತಡ, ನದಿ ಬೀಸಣಿಗೆಯಂತೆ ಹರಡಿ ಸುಮಾರು 30 ಸಾವಿರ ಚದರ ಕಿ.ಮೀ.ನ ಮುಖಜ ಭೂಮಿಯಾಗಿ ಲ್ಯಾಪ್ಟೆವ್ ಸಮುದ್ರ ಸೇರುತ್ತದೆ. ಆರ್ಕ್‌ಟಿಕ್‌ನ ಅತಿ ದೊಡ್ಡ ಮುಖಜ ಭೂಮಿ ಇದು.

ಹುಟ್ಟುವ ಜಾಗ ಸುಮಾರು 54 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಂದರೆ ಮಾಸ್ಕೊಗಿಂತಲೂ ದಕ್ಷಿಣಕ್ಕೆ. ಸಮುದ್ರ ಸೇರುವುದು 72 ಡಿಗ್ರಿಯ ಆಚೆ. ಈ ಎರಡು ಅಂಕಿಯನ್ನು ಮಾದರಿಯ ಮೇಲೆ ದೊಡ್ಡದಾಗಿ ಬರೆಸಿ. ಮುಂದಿನ ಕಥೆಯೆಲ್ಲ ಈ ಹದಿನೆಂಟು ಡಿಗ್ರಿಯೊಳಗೆ ನಡೆಯುತ್ತದೆ.

ಈಗ ನೆಲದ ವಿಚಾರ. ಇದನ್ನು ಬಿಟ್ಟರೆ ಲೇನಾ ಅರ್ಥವಾಗುವುದಿಲ್ಲ. ಯಾಕುತ್ಸ್ಕ್‌ನಲ್ಲಿ ವರ್ಷಕ್ಕೆ ಮಳೆ, ಹಿಮ ಎಲ್ಲ ಸೇರಿ ಬೀಳುವ ನೀರು 240 ಮಿ.ಮೀ. ಆಸುಪಾಸು. ನಾವು ಬರದ ತಾಲ್ಲೂಕು ಅನ್ನುವ ಚಳ್ಳಕೆರೆಯಲ್ಲೂ ಅದಕ್ಕಿಂತ ಜಾಸ್ತಿ ಮಳೆ ಬೀಳುತ್ತದೆ. ಆದರೂ ಲೇನಾ ವರ್ಷಕ್ಕೆ ಸಮುದ್ರಕ್ಕೆ ಸುರಿಯುವ ನೀರು ಸುಮಾರು 530 ಘನ ಕಿಲೋಮೀಟರ್. ನಮ್ಮ ಟಿಎಂಸಿ ಲೆಕ್ಕಕ್ಕೆ ತಂದರೆ ಹದಿನೆಂಟು ಸಾವಿರ ದಾಟುತ್ತದೆ. ಕಾವೇರಿ ವ್ಯಾಜ್ಯದಲ್ಲಿ ನಾವು ಕೇಳುವ ಒಟ್ಟು ನೀರು 740 ಟಿಎಂಸಿ ಅನ್ನುವುದನ್ನು ಪಕ್ಕಕ್ಕಿಟ್ಟು ನೋಡಿ. ಇಷ್ಟು ನೀರು ಎಲ್ಲಿಂದ ಬಂತು?

ಜಲಾನಯನ ಪ್ರದೇಶ ಬಹಳ ದೊಡ್ಡದು, ಸುಮಾರು 25 ಲಕ್ಷ ಚದರ ಕಿ.ಮೀ. ಇದು ಒಂದು ಕಾರಣ. ದಕ್ಷಿಣದ ಬೆಟ್ಟಗಳಲ್ಲಿ, ಅಂದರೆ ವಿತಿಮ್, ಒಲ್ಯೋಕ್ಮಾ, ಅಲ್ದಾನ್ ಹುಟ್ಟುವ ಕಡೆ, ಯಾಕುತ್ಸ್ಕ್‌ಗಿಂತ ಜಾಸ್ತಿ ಮಳೆ, ಹಿಮ ಬೀಳುವುದು ಎರಡನೆಯದು. ಚಳಿಯಲ್ಲಿ ನೀರು ಆವಿಯಾಗುವುದೂ ಕಡಿಮೆ. ಎಲ್ಲಕ್ಕಿಂತ ದೊಡ್ಡ ಕಾರಣ ಅಡಿಯಲ್ಲಿರುವ ಹೆಪ್ಪುಗಟ್ಟಿದ ನೆಲ. ಪರ್ಮಾಫ್ರಾಸ್ಟ್ ಅಂತ ಪುಸ್ತಕದಲ್ಲಿ ಬರುತ್ತದಲ್ಲ, ಅದೇ. ಮಣ್ಣು, ಕಲ್ಲು, ಅದರ ಸಂದಿನ ನೀರು ಎಲ್ಲ ಸೇರಿ ವರ್ಷವಿಡೀ ಶೂನ್ಯ ಡಿಗ್ರಿಗಿಂತ ಕೆಳಗೇ ಇರುತ್ತದೆ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಮಾತ್ರ ಸಡಿಲವಾಗುತ್ತದೆ. ಮುಖಜ ಭೂಮಿಯಲ್ಲಿ ಅರ್ಧ ಮೀಟರ್ ಆಸುಪಾಸು. ಲೇನಾ ಜಲಾನಯನದ ಬಹುಪಾಲು ನೆಲ ಹೀಗೇ ಇದೆ. ಅದರ ಮೇಲೆ ಬಿದ್ದ ನೀರು ತಾರಸಿ ಮೇಲೆ ಬಿದ್ದ ಮಳೆಯ ಹಾಗೆ. ಇಂಗಲು ಜಾಗವಿಲ್ಲ, ಸೀದಾ ಇಳಿದು ಹೋಗಬೇಕು.

ಈ ಹೆಪ್ಪುನೆಲ ಎಷ್ಟು ಆಳ ಇದೆ ಅನ್ನುವುದಕ್ಕೆ ಯಾಕುತ್ಸ್ಕ್‌ನಲ್ಲಿ ಒಂದು ಬಾವಿಯೇ ಸಾಕ್ಷಿ. ಶೆರ್ಗಿನ್ ಎಂಬ ವ್ಯಾಪಾರ ಸಂಸ್ಥೆಯ ನೌಕರ 1828ರಲ್ಲಿ ಕುಡಿಯುವ ನೀರಿಗೆ ಅಂತ ಬಾವಿ ತೋಡಿಸಲು ಶುರು ಮಾಡಿದ. 1837ರ ಹೊತ್ತಿಗೆ 116 ಮೀಟರ್ ಇಳಿದಿದ್ದರು. ಒಂದು ಹನಿ ನೀರು ಸಿಗಲಿಲ್ಲ, ಹೆಪ್ಪು ಮುಗಿಯಲೂ ಇಲ್ಲ. ಆಮೇಲೆ ವಿಜ್ಞಾನಿ ಮಿಡೆನ್‌ಡೋರ್ಫ್ ಬಂದು ಆ ಬಾವಿಯ ಗೋಡೆಗಳಲ್ಲಿ ಬೇರೆ ಬೇರೆ ಆಳದಲ್ಲಿ ಉಷ್ಣಾಂಶ ಅಳೆದರು. ಹೆಪ್ಪುನೆಲದ ವಿಜ್ಞಾನಕ್ಕೆ ಗಟ್ಟಿ ಬುನಾದಿ ಬಿದ್ದದ್ದು ಹಾಗೆ. ವಿಲ್ಯುಯ್ ಕಡೆಯ ಮಾರ್ಖಾ ನದಿಯ ಮೇಲ್ಭಾಗದಲ್ಲಿ ಹೆಪ್ಪು ಸುಮಾರು 1,500 ಮೀಟರ್ ಆಳಕ್ಕೆ ಹೋಗಿರುವುದು ಕಂಡುಬಂದಿದೆ. ಮಕ್ಕಳಿಗೆ ಈ ಬಾವಿಯ ಕಥೆ ಹೇಳಿ. ನಮ್ಮ ಕಡೆ ಬೋರ್‌ವೆಲ್ ವಿಫಲವಾದದ್ದನ್ನು ಕಂಡ ಮಕ್ಕಳಿಗೆ ತಕ್ಷಣ ನಾಟುತ್ತದೆ.

ಇಲ್ಲಿಂದ ಚಳಿಗಾಲದ ಪ್ರಶ್ನೆಗೆ ಬರೋಣ. ತಳದವರೆಗೂ ಹೆಪ್ಪುಗಟ್ಟುತ್ತದೆ ಅನ್ನುವುದು ಸಣ್ಣ ಹಳ್ಳ, ತೊರೆಗಳ ಮಟ್ಟಿಗೆ ನಿಜ. ಲೇನಾ ಮುಖ್ಯ ನದಿಯ ಮಟ್ಟಿಗೆ ಸುಳ್ಳು. ಅಲ್ಲಿ ಐಸ್ ದಪ್ಪ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಮೀಟರ್. ಅದರ ಅಡಿಯಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಮೀನೂ ಇರುತ್ತವೆ. ದೊಡ್ಡ ನದಿಯ ನೀರಿನ ಬಿಸಿಯಿಂದಾಗಿ ಅದರ ತಳದ ನೆಲವೂ ಹಲವು ಕಡೆ ಹೆಪ್ಪುಗಟ್ಟದೆ ಉಳಿಯುತ್ತದೆ. ಆದರೆ ಹರಿವು ಮಾತ್ರ ತೀರಾ ಸೊರಗುತ್ತದೆ. ಮೇಲೆ ಹಿಮ ಕರಗುವುದಿಲ್ಲ, ಅಡಿಯಿಂದ ಅಂತರ್ಜಲ ಊರುವುದಿಲ್ಲ. ಏಪ್ರಿಲ್‌ನಲ್ಲಿ ನದಿಯ ಕೊನೆಯ ಭಾಗದಲ್ಲಿ ಸೆಕೆಂಡಿಗೆ ಒಂದೆರಡು ಸಾವಿರ ಘನಮೀಟರ್ ಇದ್ದರೆ ಹೆಚ್ಚು. ಅದೇ ಜಾಗದಲ್ಲಿ ಜೂನ್ ತಿಂಗಳ ಸರಾಸರಿ 70 ಸಾವಿರ ದಾಟುತ್ತದೆ. ವರ್ಷದ ನೀರಿನ ಮೂರನೇ ಒಂದು ಪಾಲು ಆ ಒಂದೇ ತಿಂಗಳಲ್ಲಿ ಹೋಗುತ್ತದೆ.

ಐಸ್ ಮೇಲೆ ನಿಂತು ಹರಿವು ಅಳೆಯುವ ಕೆಲಸ ಹೇಗಿರುತ್ತದೆ ಅಂತ ಮಕ್ಕಳಿಗೆ ಕುತೂಹಲ ಇರಬಹುದು. ಒಂದು ದಡದಿಂದ ಇನ್ನೊಂದು ದಡದವರೆಗೆ ಸಾಲಾಗಿ ತೂತು ಕೊರೆಯುತ್ತಾರೆ. ಕೊರೆಯುವ ಯಂತ್ರ ಐಸಿನ ತಳ ದಾಟಿದ ಕೂಡಲೇ ನೀರು ಬುಳಬುಳನೆ ಏರಿ, ಐಸಿನ ಮೇಲ್ಮೈಗೆ ಸ್ವಲ್ಪ ಕೆಳಗೆ ಬಂದು ನಿಲ್ಲುತ್ತದೆ. ತೇಲುವ ಐಸಿನ ಹತ್ತರಲ್ಲಿ ಒಂಬತ್ತು ಪಾಲು ಮುಳುಗಿರುತ್ತದಲ್ಲ, ಅದಕ್ಕೆ. ತೂತಿನಲ್ಲಿ ಕೂಡಿದ ಐಸ್ ಚೂರುಗಳನ್ನು ಜಾಲರಿ ಸೌಟಿನಿಂದ ತೆಗೆದು, ಹರಿವಿನ ವೇಗ ಅಳೆಯುವ ಸಲಕರಣೆ ಇಳಿಸುತ್ತಾರೆ. ಇಷ್ಟು ಕಷ್ಟ ಯಾಕೆ, ದಡದ ಅಳತೆಗೋಲು ನೋಡಿದರೆ ಸಾಲದಾ? ಸಾಲದು. ಐಸ್ ಇರುವಾಗ ಅಳತೆಗೋಲಿನಲ್ಲಿ ನೀರು ಏರಿತು ಅಂದರೆ ನದಿಯಲ್ಲಿ ನೀರು ಜಾಸ್ತಿಯಾಯಿತು ಅಂತಲ್ಲ. ಐಸ್ ಅಡ್ಡ ಬಂದರೂ ಮಟ್ಟ ಏರುತ್ತದೆ. ಈ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಮೇಷ್ಟ್ರ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಹಿಮನದಿಗಳ ಮಾತು ಮೊದಲು ಮುಗಿಸುತ್ತೇನೆ. ಲೇನಾ ಜಲಾನಯನದಲ್ಲಿ ಹಿಮನದಿಗಳು ಬಹಳ ಕಡಿಮೆ. ಕೊದಾರ್ ಬೆಟ್ಟಸಾಲಿನಂಥ ಕೆಲವು ಕಡೆ ಚಿಕ್ಕವು ಇವೆ, ಅಷ್ಟೇ. ಅಷ್ಟು ಚಳಿ ಇದ್ದೂ ಯಾಕಿಲ್ಲ ಅಂದರೆ, ಹಿಮನದಿ ಆಗಲು ಚಳಿಯೊಂದೇ ಸಾಲದು, ವರ್ಷ ವರ್ಷ ಹಿಮ ದಂಡಿಯಾಗಿ ಬೀಳಬೇಕು, ಬೇಸಿಗೆಯಲ್ಲಿ ಪೂರ್ತಿ ಕರಗಬಾರದು. ಸೈಬೀರಿಯಾದ ಈ ಭಾಗ ಒಣ ಸೀಮೆ. ಚಳಿಗಾಲದಲ್ಲಿ ಬಿದ್ದ ಹಿಮ ಬೇಸಿಗೆಗೆ ಕರಗಿ ಹೋಗುತ್ತದೆ. ಗಂಗೆ, ಸಿಂಧೂ ಪಾಠ ಮಾಡುವಾಗ ಹಿಮನದಿ ಅಂತ ಹೇಳುತ್ತೇವಲ್ಲ, ಅದೇ ಅಭ್ಯಾಸದಲ್ಲಿ ಲೇನಾಗೂ ಹೇಳಿರುತ್ತೀರಿ. ಲೇನಾಗೆ ನೀರು ಕೊಡುವುದು ಆ ಚಳಿಗಾಲದ ಹಿಮ ಮತ್ತು ಬೇಸಿಗೆಯ ಮಳೆ.

ಈಗ ಮೇ ತಿಂಗಳು. ದಕ್ಷಿಣದ ಮೇಲ್ಭಾಗದಲ್ಲಿ ಮೇ ಶುರುವಿನ ಹೊತ್ತಿಗೆ ಬಿಸಿಲು ಏರಿ ಹಿಮ ಕರಗುತ್ತದೆ, ನದಿಯ ಐಸ್ ಒಡೆದು ಹೊರಡುತ್ತದೆ. ಯಾಕುತ್ಸ್ಕ್ ಹತ್ತಿರ ಐಸ್ ಹೊರಡುವುದು ಸಾಮಾನ್ಯವಾಗಿ ಮೇ ದ್ವಿತೀಯಾರ್ಧದಲ್ಲಿ. ಮುಖಜ ಭೂಮಿಯಲ್ಲಿ ಜೂನ್ ಬರಬೇಕು. ಅಂದರೆ ಮೇಲಿನಿಂದ ನೀರು, ಒಡೆದ ಐಸ್ ಎರಡೂ ನುಗ್ಗಿ ಬರುವಾಗ ಕೆಳಗೆ ಇನ್ನೂ ಗಟ್ಟಿ ಐಸ್ ಮಲಗಿರುತ್ತದೆ. ಕೋಣೆಯಷ್ಟು ದೊಡ್ಡ ತುಂಡುಗಳು ಬಂದು ಆ ಅಂಚಿಗೆ ಗುದ್ದುತ್ತವೆ. ಕೆಲವು ಅಡಿಗೆ ತೂರುತ್ತವೆ, ಕೆಲವು ಮೇಲೇರುತ್ತವೆ, ಹಿಂದಿನವು ಮುಂದಿನವನ್ನು ಒತ್ತುತ್ತವೆ. ತಿರುವು, ದ್ವೀಪ, ಆಳವಿಲ್ಲದ ಜಾಗ ಸಿಕ್ಕರಂತೂ ಮುಗಿಯಿತು, ನೋಡನೋಡುತ್ತಿದ್ದಂತೆ ನದಿಗೆ ಅಡ್ಡಲಾಗಿ ಐಸಿನ ಕಟ್ಟೆ ಎದ್ದುಬಿಡುತ್ತದೆ. ಅದರ ಹಿಂದೆ ನೀರು ಗಂಟೆಗಳ ಲೆಕ್ಕದಲ್ಲಿ ಮೀಟರುಗಟ್ಟಲೆ ಏರುತ್ತದೆ.

ಇಲ್ಲಿ ಮಕ್ಕಳು ಎರಡು ಬೇರೆ ವಿಷಯ ಗುರುತಿಸಬೇಕು. ನದಿಯ ಕೊನೆಯಲ್ಲಿ ನೀರು ಅತಿ ಹೆಚ್ಚು ಹರಿಯುವುದು ಜೂನ್‌ನಲ್ಲಿ. ಆದರೆ ಮಧ್ಯಭಾಗದ ಊರುಗಳು ಮುಳುಗುವುದು ಬಹುತೇಕ ಮೇ ತಿಂಗಳಲ್ಲಿ, ಐಸ್ ಕಟ್ಟೆ ಎದ್ದಾಗ. ಊರು ಮುಳುಗಲು ನದಿಯಲ್ಲಿ ಅತಿ ಹೆಚ್ಚು ನೀರು ಇರಲೇಬೇಕು ಅಂತಿಲ್ಲ. ದಾರಿ ಕಟ್ಟಿದರೆ ಸಾಕು.

ಎಲ್ಲ ವರ್ಷವೂ ಹೀಗಾಗುವುದಿಲ್ಲ. ವಸಂತ ನಿಧಾನವಾಗಿ ಬಂದರೆ, ರಾತ್ರಿ ಚಳಿ, ಹಗಲು ಬಿಸಿಲು ಅಂತ ವಾರಗಟ್ಟಲೆ ನಡೆದರೆ, ಐಸ್ ಇದ್ದಲ್ಲೇ ಟೊಳ್ಳಾಗಿ ಸುಮ್ನೆ ಕರಗಿ ಹೋಗುತ್ತದೆ. ಚಳಿಗಾಲ ಕಡುವಾಗಿದ್ದು, ಐಸ್ ದಪ್ಪವಾಗಿದ್ದು, ಆಮೇಲೆ ಒಮ್ಮೆಲೇ ಸೆಕೆ ಬಿದ್ದರೆ ಆಪತ್ತು. 2001ರಲ್ಲಿ ಲೆನ್ಸ್ಕ್ ಊರಿಗೆ ಆದದ್ದು ಅದೇ. ಸುಮಾರು 25 ಸಾವಿರ ಜನರ ಊರು. 1998ರಲ್ಲೂ ಮುಳುಗಿತ್ತು, ಆಗ ನೀರಿನ ಮಟ್ಟ 17 ಮೀಟರ್ ಆಸುಪಾಸು ಏರಿತ್ತು. ಮೂರೇ ವರ್ಷಕ್ಕೆ, 2001ರ ಮೇ ತಿಂಗಳಲ್ಲಿ, ಊರಿನ ಕೆಳಗಡೆ ನದಿಯಲ್ಲಿ ಐಸ್ ಕಟ್ಟೆ ಎದ್ದು ಮಟ್ಟ 20 ಮೀಟರ್ ಮುಟ್ಟಿತು. ಊರಿನ ಬಹುಭಾಗ ನೀರಿನಡಿ ಹೋಯಿತು. ಸಾವಿರಾರು ಮನೆ ಹಾಳಾದವು. ಮರದ ಮನೆಗಳು ಅಡಿಪಾಯ ಬಿಟ್ಟು ಐಸ್ ಜತೆ ತೇಲಿದವು. ಬರಿ ನೀರಿನ ಪ್ರವಾಹ ಮನೆಯನ್ನು ನೆನೆಸುತ್ತದೆ. ಐಸ್ ಹೊತ್ತ ಪ್ರವಾಹ ಗೋಡೆಯನ್ನೇ ಗುದ್ದುತ್ತದೆ. ಈ ವ್ಯತ್ಯಾಸ ಅಂಕಿಗಳಲ್ಲಿ ಕಾಣುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಹಾಗಾದರೆ ಏನು ಮಾಡಬಹುದು? ಬಾಂಬ್ ಹಾಕಬಹುದಲ್ವಾ ಅಂದರು ನಿಮ್ಮ ಮಕ್ಕಳು. ಹಾಕಿದ್ದಾರೆ. ಅದೇ 2001ರಲ್ಲಿ ಲೇನಾ ಮೇಲಿನ ಐಸ್ ಕಟ್ಟೆಗಳಿಗೆ ಸುಖೋಯ್-24 ಯುದ್ಧ ವಿಮಾನಗಳಿಂದ ಬಾಂಬ್ ಹಾಕಿಸಿದರು. ಇದರ ಕಷ್ಟ ಏನು ಅಂದರೆ, ಕಟ್ಟೆ ಒಡೆದರೂ ಆ ಐಸ್ ಹೋಗಲು ಕೆಳಗೆ ಜಾಗ ಬೇಕು. ಕೆಳಗೂ ಗಟ್ಟಿ ಐಸ್ ಇದ್ದರೆ ತುಂಡುಗಳು ಮುಂದಿನ ತಿರುವಿನಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಒಂದು ಊರಿನ ಕಷ್ಟ ಇನ್ನೊಂದು ಊರಿಗೆ ದಾಟುತ್ತದೆ. ಕಿಲೋಮೀಟರುಗಟ್ಟಲೆ ಉದ್ದದ ಕಟ್ಟೆಯಲ್ಲಿ ಬಾಂಬು ಮಾಡುವ ತೂತು ಬಹಳ ಚಿಕ್ಕದು. ಮೀನುಗಳೂ ಸಾಯುತ್ತವೆ. ಬೇರೆ ದಾರಿ ಇಲ್ಲದಾಗ ಕೊನೆಗೆ ಮಾಡುವ ಕೆಲಸ ಅದು.

ಅಲ್ಲಿನವರು ಹೆಚ್ಚು ನಂಬುವುದು ಮುಂಚಿತ ಕೆಲಸವನ್ನು. ಮಾರ್ಚ್-ಏಪ್ರಿಲ್‌ನಲ್ಲಿ, ಐಸ್ ಗಟ್ಟಿ ಇರುವಾಗಲೇ, ಪದೇ ಪದೇ ಕಟ್ಟಿಕೊಳ್ಳುವ ಜಾಗಗಳನ್ನು ಗುರುತಿಸಿ ಯಂತ್ರದಿಂದ ಉದ್ದುದ್ದ ಗೀರುಗಳಾಗಿ ಕೊಯ್ಯುತ್ತಾರೆ. ಅದರ ಮೇಲೆ ಕಲ್ಲಿದ್ದಲ ಪುಡಿಯಂಥ ಕಪ್ಪು ಪುಡಿ ಚೆಲ್ಲುತ್ತಾರೆ. ಕಪ್ಪು ಬಣ್ಣ ಬಿಸಿಲು ಹೀರಿಕೊಂಡು ಅಲ್ಲಿನ ಐಸ್ ಬೇಗ ಸೊರಗುತ್ತದೆ. ಖರ್ಚು ಕಡಿಮೆ, ಕೆಲಸ ಸರಳ. ಆದರೆ ಪುಡಿ ಚೆಲ್ಲಿದ ಮೇಲೆ ಹೊಸ ಹಿಮ ಬಿದ್ದರೆ ಶ್ರಮವೆಲ್ಲ ಮುಚ್ಚಿಹೋಗುತ್ತದೆ. ಗೀರು ಹಾಕದ ಬೇರೆ ಜಾಗದಲ್ಲಿ ಕಟ್ಟಿಕೊಂಡರೆ ಏನೂ ಮಾಡುವಂತಿಲ್ಲ.

ಊರ ಸುತ್ತ ಏರಿ ಕಟ್ಟುವುದು ಇನ್ನೊಂದು ದಾರಿ. 2001ರ ನಂತರ ಲೆನ್ಸ್ಕ್‌ನಲ್ಲಿ ಅದನ್ನೇ ಮಾಡಿದರು. ಸಾಮಾನ್ಯ ವರ್ಷಗಳಲ್ಲಿ ಏರಿ ಊರನ್ನು ಕಾಯುತ್ತದೆ. ಅಪಾಯ ಏನು ಅಂದರೆ, ಜನ ಧೈರ್ಯ ಮಾಡಿ ಏರಿಯ ಬುಡದಲ್ಲೇ ಮನೆ ಕಟ್ಟಿಕೊಳ್ಳುತ್ತಾರೆ. ಒಮ್ಮೆ ನೀರು ಆ ಏರಿಯನ್ನು ದಾಟಿದರೆ ಒಳಗೆ ನಿಂತ ನೀರು ಹೊರಗೆ ಹೋಗಲು ದಾರಿ ಇರುವುದಿಲ್ಲ. ಹೆಪ್ಪುನೆಲದ ಮೇಲೆ ಕಟ್ಟಿದ ಏರಿಯ ಬುಡ ಕರಗಿ ಕುಸಿಯುವ ಭಯವೂ ಇದೆ.

ಡ್ಯಾಮ್ ವಿಚಾರ. ಲೇನಾ ಮುಖ್ಯ ನದಿಗೆ ಒಂದೂ ಅಣೆಕಟ್ಟು ಇಲ್ಲ. ಜಗತ್ತಿನ ದೊಡ್ಡ ನದಿಗಳಲ್ಲಿ ಇದು ಅಪರೂಪ. ಉಪನದಿಗಳಲ್ಲಿ ಇದೆ. ವಿಲ್ಯುಯ್ ಮೇಲಿನ ಅಣೆಕಟ್ಟು 1967ರಿಂದ ವಿದ್ಯುತ್ ಕೊಡುತ್ತಿದೆ, ಹತ್ತಿರದ ವಜ್ರದ ಗಣಿಗಳಿಗೆ ಅದೇ ಆಧಾರ. ಅದು ಬೇಸಿಗೆಯ ನೀರು ಹಿಡಿದಿಟ್ಟು ಚಳಿಗಾಲದಲ್ಲಿ ಬಿಡುವುದರಿಂದ ಕೆಳಗಿನ ಲೇನಾದಲ್ಲೂ ಚಳಿಗಾಲದ ಹರಿವು ಹೆಚ್ಚಿದೆ. ಲೇನಾಗೇ ಅಡ್ಡ ಕಟ್ಟಿದರೆ ಏನಾಗುತ್ತದೆ? ಯಾಕುತ್ಸ್ಕ್‌ನಿಂದ ಸಮುದ್ರಕ್ಕೆ ಸುಮಾರು 1,600 ಕಿ.ಮೀ. ದೂರ. ಅಷ್ಟು ದೂರದಲ್ಲಿ ನದಿ ಇಳಿಯುವುದು ನೂರು ಮೀಟರಿಗಿಂತ ಕಡಿಮೆ. ಇಂಥ ಚಪ್ಪಟೆ ಸೀಮೆಯಲ್ಲಿ ಸ್ವಲ್ಪ ಎತ್ತರದ ಅಣೆಕಟ್ಟೂ ಕೊನೆಯಿಲ್ಲದಷ್ಟು ನೆಲ ಮುಳುಗಿಸುತ್ತದೆ. ನಿಂತ ನೀರಿನ ಬಿಸಿಗೆ ಅಡಿಯ ಹೆಪ್ಪುನೆಲ ಕರಗುತ್ತದೆ. ಈ ದಾರಿ ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ಉಳಿದದ್ದು ಊರನ್ನೇ ಎತ್ತರಕ್ಕೆ ಸಾಗಿಸುವುದು. ಲೆಕ್ಕದ ಪ್ರಕಾರ ಅತಿ ಸುರಕ್ಷಿತ ಇದೇ. ಆದರೆ ಆ ಊರುಗಳಿಗೆ ನದಿಯೇ ರಸ್ತೆ. ಬೇಸಿಗೆಯಲ್ಲಿ ದೋಣಿ, ಹಡಗು. ಚಳಿಗಾಲದಲ್ಲಿ ಐಸ್ ಮೇಲೆಯೇ ಲಾರಿಗಳು ಓಡುತ್ತವೆ. ಮೂರೂವರೆ ಲಕ್ಷಕ್ಕೂ ಹೆಚ್ಚು ಜನರಿರುವ ಯಾಕುತ್ಸ್ಕ್‌ಗೂ ನದಿ ದಾಟಲು ಸೇತುವೆ ಇರಲಿಲ್ಲ, ಕೆಲಸ ಶುರುವಾದದ್ದು ಇತ್ತೀಚಿನ ವರ್ಷಗಳಲ್ಲಿ. ರೈಲು ಎದುರಿನ ದಡಕ್ಕೆ ಬಂದು ನಿಲ್ಲುತ್ತದೆ. ಐಸ್ ಒಡೆಯುವ, ಐಸ್ ಕಟ್ಟುವ ವಾರಗಳಲ್ಲಿ ಲಾರಿಯೂ ಇಲ್ಲ, ದೋಣಿಯೂ ಇಲ್ಲ. ಹೀಗೆ ನದಿಯನ್ನೇ ನೆಚ್ಚಿಕೊಂಡವರಿಗೆ ದೂರ ಹೋಗಿ ಅನ್ನುವುದು ಸುಲಭದ ಮಾತಲ್ಲ. ನನ್ನನ್ನು ಕೇಳಿದರೆ, ತಗ್ಗಿನ ಓಣಿಗಳಷ್ಟನ್ನಾದರೂ ಎತ್ತರಕ್ಕೆ ಸಾಗಿಸಬೇಕು, ಉಳಿದವರಿಗೆ ಗಂಟೆಗಟ್ಟಲೆ ಮುಂಚೆ ಎಚ್ಚರಿಕೆ ಸಿಗುವಂತೆ ಮಾಡಬೇಕು. ಐಸ್ ಕೊಯ್ಯುವ ಕೆಲಸ ಇದರ ಜತೆಗೆ ನಡೆಯಲಿ, ಅದನ್ನೇ ನಂಬಿ ಕೂರುವಂತಿಲ್ಲ.

ಶರತ್ಕಾಲದಲ್ಲಿ ಇದೆಲ್ಲ ತಿರುಗುಮುರುಗು. ಸಮುದ್ರದ ತುದಿ ಮೊದಲು ಹೆಪ್ಪುಗಟ್ಟುತ್ತದೆ. 1881ರಲ್ಲಿ ಅಮೆರಿಕದ ಜೀನೆಟ್ ಹಡಗು ಆರ್ಕ್‌ಟಿಕ್ ಐಸಿಗೆ ಸಿಕ್ಕಿ ಮುಳುಗಿತು. ಅದರ ನಾಯಕ ಡಿ ಲಾಂಗ್ ತಂಡ ಸೆಪ್ಟೆಂಬರ್‌ನಲ್ಲಿ ದೋಣಿಯಲ್ಲಿ ಬಂದು ಲೇನಾ ಮುಖಜ ಭೂಮಿಯ ಉತ್ತರ ಅಂಚಿನಲ್ಲಿ ಇಳಿಯಿತು. ಕವಲುಗಳು ದೋಣಿ ಸಾಗದಷ್ಟು ಹೆಪ್ಪುಗಟ್ಟುತ್ತಿದ್ದವು, ನಡೆದು ದಾಟುವಷ್ಟು ಗಟ್ಟಿಯಾಗಿರಲಿಲ್ಲ. ಐಸ್ ಗಟ್ಟಿಯಾಗಲಿ ಅಂತ ಕಾಯಬೇಕಾಯಿತು. ಆಹಾರ ಮುಗಿಯಿತು. ಸಹಾಯ ತರಲು ಮುಂದೆ ಕಳಿಸಿದ ಇಬ್ಬರು ಬಿಟ್ಟರೆ ಆ ತಂಡದಲ್ಲಿ ಯಾರೂ ಉಳಿಯಲಿಲ್ಲ. ಬೇರೆ ದೋಣಿಯಲ್ಲಿ ಆಗ್ನೇಯ ಕಡೆ ಇಳಿದವರಿಗೆ ಸ್ಥಳೀಯರು ಸಿಕ್ಕಿ ಬದುಕಿದರು. ಅದೇ ಮುಖಜ ಭೂಮಿ, ಅದೇ ತಿಂಗಳು. ಯಾವ ಕವಲಿಗೆ ಬಂದಿಳಿದರು ಅನ್ನುವುದೇ ಬದುಕು ಸಾವಿನ ಪ್ರಶ್ನೆಯಾಯಿತು.

ಹವಾಮಾನದ ಪ್ರಶ್ನೆಗೆ ತೀರ್ಪುಗಾರರಿಗೆ ಮಕ್ಕಳು ಇಷ್ಟು ಹೇಳಿದರೆ ಸಾಕು. ಲೇನಾ ಸೇರಿದಂತೆ ಆರ್ಕ್‌ಟಿಕ್‌ಗೆ ಹರಿಯುವ ಯುರೇಷ್ಯಾದ ಆರು ದೊಡ್ಡ ನದಿಗಳ ಒಟ್ಟು ಹರಿವು 1936ರಿಂದ 1999ರ ನಡುವೆ ಸುಮಾರು ಶೇ 7ರಷ್ಟು ಹೆಚ್ಚಿದೆ. ಚಳಿಗಾಲದ ಹರಿವೂ ಹೆಚ್ಚುತ್ತಿದೆ. ಇದೆಲ್ಲ ಹೆಪ್ಪುನೆಲ ಕರಗಿ ಬಂದ ನೀರು ಅನ್ನುವುದು ತಪ್ಪು. ನೆಲದ ಐಸ್ ಕೊಡುವ ನೀರು ಚಿಕ್ಕ ಪಾಲು, ಜಾಸ್ತಿ ಮಳೆ-ಹಿಮ ಬೀಳುತ್ತಿರುವುದು ದೊಡ್ಡ ಕಾರಣ. ಹೆಪ್ಪುನೆಲ ಕರಗುವುದರ ಪೆಟ್ಟು ಬೀಳುವುದು ದಂಡೆಗೆ ಮತ್ತು ಕಟ್ಟಡಗಳಿಗೆ. ಐಸ್ ತುಂಬಿದ ಮಣ್ಣಿನ ದಂಡೆ ಬಿಸಿ ನೀರು ತಾಗಿದರೆ ದೊಡ್ಡ ದೊಡ್ಡ ಹೆಂಟೆಯಾಗಿ ಕಳಚಿ ಬೀಳುತ್ತದೆ. ಯಾಕುತ್ಸ್ಕ್‌ನ ಕಟ್ಟಡಗಳು ನೆಲ ಬಿಸಿಯಾಗದಿರಲಿ ಅಂತ ಕಂಬಗಳ ಮೇಲೆ ನಿಂತಿವೆ. ಆ ಕಂಬಗಳನ್ನು ಹಿಡಿದಿರುವುದು ಹೆಪ್ಪು.

ಉದ್ದದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಎರಡೂ ಅಂಕಿ ಪುಸ್ತಕಗಳಲ್ಲಿ ಇವೆ. ಕವಲುಗಳಲ್ಲಿ ಯಾವುದನ್ನು ಹಿಡಿದು ಅಳೆದರು, ಯಾವ ಅಳತೆಯ ನಕ್ಷೆ ಬಳಸಿದರು ಅನ್ನುವುದರ ಮೇಲೆ ನೂರಿನ್ನೂರು ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. "ಸುಮಾರು 4,400 ಕಿ.ಮೀ." ಅಂತ ಬರೆಸಿ.

ಕೊನೆಗೆ ಮಾದರಿ. ನಿಜವಾದ ಐಸ್ ಬೇಡ, ತೀರ್ಪುಗಾರರು ಬರುವಷ್ಟರಲ್ಲಿ ನೀರಾಗಿರುತ್ತದೆ. ಮೇಣದಬತ್ತಿಯ ಮೇಣ ತೆಗೆದುಕೊಳ್ಳಿ. ಅದರ ಸಾಂದ್ರತೆ ಐಸಿಗೆ ಬಹಳ ಹತ್ತಿರ, ಹತ್ತರಲ್ಲಿ ಒಂಬತ್ತು ಪಾಲು ಮುಳುಗಿ ತೇಲುತ್ತದೆ. ಪ್ರಯೋಗಾಲಯಗಳಲ್ಲೂ ಐಸ್ ಬದಲು ಇದೇ ಸಾಂದ್ರತೆಯ ಪ್ಲಾಸ್ಟಿಕ್ ತುಂಡುಗಳನ್ನು ಬಳಸುವುದುಂಟು. ಮೇಣ ಕರಗಿಸಿ ತಟ್ಟೆಯಲ್ಲಿ ತೆಳ್ಳಗೆ ಹುಯ್ದು ಹಾಳೆ ಮಾಡಿ. ಅರ್ಧದಷ್ಟನ್ನು ಮೂರು-ನಾಲ್ಕು ಸೆಂಟಿಮೀಟರ್ ಚೂರು ಮಾಡಿ, ಉಳಿದದ್ದು ಹಾಳೆಯಾಗಿಯೇ ಇರಲಿ. ತಗಡಿನ ಉದ್ದ ಟ್ರೇಯಲ್ಲಿ ಜೇಡಿಮಣ್ಣಿನಿಂದ ಒಂದು ಗೇಣು ಅಗಲದ ನದಿ ಮಾಡಿ. ಇಳಿಜಾರು ತೀರಾ ಕಡಿಮೆ ಇರಲಿ. ನಡುವೆ ಒಂದು ತಿರುವು, ಒಂದು ದ್ವೀಪ. ತಿರುವಿನ ಕೆಳಗೆ ಹಾಳೆ ಇಟ್ಟು ಎರಡು ಬದಿಗೂ ಮಣ್ಣಿನಿಂದ ಒತ್ತಿ. ಮೇಲ್ಗಡೆ ಚೂರುಗಳನ್ನು ಬಿಟ್ಟು ಚೊಂಬಿನಿಂದ ನೀರು ಹುಯ್ಯಿರಿ. ಚೂರುಗಳು ಹಾಳೆಯ ಅಂಚಿಗೆ ಬಂದು ಕಟ್ಟಿಕೊಳ್ಳುತ್ತವೆ, ದಂಡೆ ಮೇಲಿಟ್ಟ ಬೆಂಕಿಪೊಟ್ಟಣದ ಊರು ಮುಳುಗುತ್ತದೆ. ಊರಿನ ಪಕ್ಕ ಒಂದು ಸ್ಕೇಲ್ ನೆಟ್ಟಿರಬೇಕು. ಆಮೇಲೆ ಮೇಣ ಪೂರ್ತಿ ತೆಗೆದು ಅಷ್ಟೇ ನೀರನ್ನು ಅಷ್ಟೇ ಬೇಗ ಹುಯ್ಯಿರಿ. ಮಟ್ಟ ಎಷ್ಟು ಕಡಿಮೆ ಏರಿತು ಅಂತ ಮಕ್ಕಳು ಸ್ಕೇಲ್ ನೋಡಿ ಬರೆದುಕೊಳ್ಳಲಿ. ಮೇಷ್ಟ್ರಿಗೆ ಬೇಕಾದ ಉತ್ತರ ಆ ಎರಡು ಅಂಕಿಗಳಲ್ಲಿ ಇರುತ್ತದೆ.

ಪಕ್ಕದಲ್ಲಿ ಎರಡು ಚಿಕ್ಕ ಟ್ರೇ ಇಡಿ. ಎರಡನ್ನೂ ಸ್ವಲ್ಪ ಓರೆ ಮಾಡಿ. ಒಂದರಲ್ಲಿ ಬರಿ ಮರಳು, ತಳಕ್ಕೆ ತೂತು. ಇನ್ನೊಂದರಲ್ಲಿ ಮೇಲಿನ ಎರಡು ಸೆಂಟಿಮೀಟರ್ ಮರಳಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದು ಹೆಪ್ಪುನೆಲ. ಎರಡಕ್ಕೂ ಒಂದೇ ಅಳತೆ ನೀರು ಚಿಮುಕಿಸಿ, ಓರೆಯ ಅಂಚಿನಿಂದ ಹರಿದು ಬಂದದ್ದನ್ನು ಲೋಟದಲ್ಲಿ ಹಿಡಿದು ಅಳೆಯಿರಿ. ಮೇಣವನ್ನು ಮಾತ್ರ ನೇರ ಉರಿಯ ಮೇಲೆ ಕರಗಿಸಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಆ ಕೆಲಸ ನೀವೋ ಮೇಷ್ಟ್ರೋ ಮಾಡಿ, ಮಕ್ಕಳ ಕೈಗೆ ಬೇಡ.